ಕೆಳಗಿನ ಮಿಲ್ಲಿನ ರಿಮೋಟು

ಅಣ್ಣನಿಗೂ ಸತ್ತವನಿಗೂ ಹಿಂದಿನ ದಿನ ಜಗಳವಾಗಿತ್ತು. ಜಗಳ ಕೋಳಿಯದು. ಭಾನುವಾರದ ಕೋಳಿ ಅಂಕದಲ್ಲಿ ಅವನ ಹುಂಜ ಕಾಲಿಗೆ ಕಟ್ಟಿದ್ದ ಕತ್ತಿಯಿಂದ ಅಣ್ಣನ ಹುಂಜದ ಎದೆ ಸೀಳಿತ್ತು. ಸೋತ ಕೋಳಿ ಗೆದ್ದವನಿಗೆ ಸೇರಬೇಕು, ಅದು ಕ್ರಮ. ಅಣ್ಣ ಕೊಡಲಿಲ್ಲ. ಕೈಯಾರೆ ಸಾಕಿದ ಹುಂಜವನ್ನು ಇವನ ಮನೆಯ ಸಾರಿಗೆ ಕೊಡಲಾರೆ ಎಂದು, ರಕ್ತ ಸುರಿಯುತ್ತಿದ್ದ ಅದನ್ನು ಅಂಗಿಯೊಳಗೆ ತುರುಕಿಕೊಂಡ. ಅವನು ಕಿತ್ತುಕೊಳ್ಳಲು ಬಂದಾಗ ಗದ್ದೆಯ ನಡುವೆ, ಎಲ್ಲರ ಎದುರು, ಅಣ್ಣ ಕೂಗಿ ಹೇಳಿದ್ದ: "ನಿನ್ನನ್ನೂ ಒಂದು ದಿನ ಹೀಗೇ ಮಲಗಿಸ್ತೇನೆ. ನೋಡ್ತಾ ಇರು."

ಮರುದಿನ ಅವನು ಸತ್ತ. ಅವನ ಎದೆಯ ಮೇಲೆ ಇಳಿದ ಮರದ ದಿಮ್ಮಿಯನ್ನು ನಡೆಸುವ ರಿಮೋಟು ಅಣ್ಣನ ಕೈಯಲ್ಲಿತ್ತು.

ಎರಡು ಸಾವಿರದ ಇಸವಿಯ ನಂತರದ ಮೊದಲ ವರ್ಷಗಳು ಅವು. ಅಣ್ಣ ಮೂಡುಬಿದಿರೆಯ ಹೊರಗಿನ ಒಂದು ಮರದ ಮಿಲ್ಲಿನಲ್ಲಿ ಕ್ರೇನ್ ನಡೆಸುತ್ತಿದ್ದ. ರಸ್ತೆಯ ಎರಡೂ ಬದಿಗೆ ಎರಡು ಮಿಲ್ಲುಗಳು. ದಿಬ್ಬದ ಮೇಲಿದ್ದದ್ದು ಮೇಲಿನ ಮಿಲ್ಲು, ಅಣ್ಣನದು ಅದು. ಎದುರಿಗೆ ತಗ್ಗಿನಲ್ಲಿದ್ದದ್ದು ಕೆಳಗಿನ ಮಿಲ್ಲು. ಗೇಟಿಗೆ ಗೇಟು ಕಾಣುತ್ತಿತ್ತು. ಲಾರಿಯಿಂದ ಇಳಿದ ದಿಮ್ಮಿಗಳನ್ನು ಕೊಕ್ಕೆಗೆ ಸಿಕ್ಕಿಸಿ ಎತ್ತಿ ಗರಗಸದ ಟ್ರಾಲಿಯ ಮೇಲೆ ಇಡುವುದು ಕ್ರೇನಿನವನ ಕೆಲಸ. ಮೊದಲು ಕ್ರೇನಿನಿಂದ ನೇತಾಡುವ ವಯರಿನ ತುದಿಯಲ್ಲಿ ಗುಂಡಿಗಳ ಪೆಟ್ಟಿಗೆ ಇರುತ್ತಿತ್ತು. ಅದನ್ನು ಹಿಡಿದುಕೊಂಡು ದಿಮ್ಮಿಯ ಪಕ್ಕದಲ್ಲೇ ನಡೆಯಬೇಕು. ಒಮ್ಮೆ ಕೊಕ್ಕೆ ಜಾರಿದರೆ ಮುಗಿಯಿತು. ಆ ವರ್ಷ ಮಂಗಳೂರಿನ ಡೀಲರ್ ಒಬ್ಬ ವಯರಿಲ್ಲದ ರಿಮೋಟು ತಂದು ಹಾಕಿದ. ಅಣ್ಣ ಖುಷಿಯಾಗಿದ್ದ.

"ಇನ್ನು ಮರದ ಬುಡಕ್ಕೆ ಹೋಗ್ಲಿಕ್ಕೆ ಇಲ್ಲ ಮಾರಾಯ್ತಿ. ದೂರ ನಿಂತು ಒತ್ತುದು, ಅಷ್ಟೇ," ಎಂದು ನನಗೆ ಫೋನಿನಲ್ಲಿ ಹೇಳಿದ್ದ.

ನಾನು ಆಗ ಬಿ.ಸಿ.ರೋಡಿನ ಒಂದು ಪ್ಯಾನಲ್ ಬೋರ್ಡ್ ಅಂಗಡಿಯಲ್ಲಿದ್ದೆ. ಅಪ್ಪ ಬೇಗ ತೀರಿಕೊಂಡ ಮೇಲೆ ನನ್ನನ್ನು ಎಲೆಕ್ಟ್ರಿಕಲ್ ಡಿಪ್ಲೊಮಾ ಓದಿಸಿದವನು ಅಣ್ಣ. ಅಮ್ಮ ಮುಂಡಾಜೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಳು. ಅಕ್ಕಿ ಮಿಲ್ಲು, ಗೇರುಬೀಜದ ಫ್ಯಾಕ್ಟರಿ, ಕಲ್ಲಿನ ಕ್ರಷರು, ಹೀಗೆ ಎಲ್ಲಿ ದೊಡ್ಡ ಮೋಟಾರುಗಳಿವೆಯೋ ಅಲ್ಲಿಗೆ ಅವನ್ನು ನಡೆಸುವ ಸ್ವಿಚ್ಚುಗಳ ಪೆಟ್ಟಿಗೆಯನ್ನು ನಾವು ಮಾಡಿಕೊಡುತ್ತಿದ್ದೆವು. ಅಂಗಡಿಯ ಯಜಮಾನರು ಬ್ಯಾರಿ ಮುಸ್ಲಿಮರು. ಸೌದಿಯ ಎಣ್ಣೆ ಕಾರ್ಖಾನೆಯಲ್ಲಿ ಬಹಳ ವರ್ಷ ಇಂಥದ್ದೇ ಕೆಲಸ ಮಾಡಿ ಊರಿಗೆ ಬಂದವರು. ಎಲ್ಲರೂ ಅವರನ್ನು ಕಾಕ ಎನ್ನುತ್ತಿದ್ದರು, ನಾನೂ. ಅವರು ಸಿಟ್ಟಿನ ಮನುಷ್ಯ. ತಪ್ಪು ವಯರಿಂಗ್ ಕಂಡರೆ ಕಟ್ಟರಿನಿಂದ ಕತ್ತರಿಸಿ ನೆಲಕ್ಕೆ ಎಸೆಯುತ್ತಿದ್ದರು.

ಮಧ್ಯಾಹ್ನ ಊಟಕ್ಕೆ ಏಳುವ ಹೊತ್ತಿಗೆ ಫೋನು ಬಂತು. ಮೇಲಿನ ಮಿಲ್ಲಿನ ಲೆಕ್ಕ ಬರೆಯುವ ರೈಟರು. "ನಿಮ್ಮ ಅಣ್ಣ ಒಬ್ಬನನ್ನು ಕೊಂದಿದ್ದಾನೆ. ಜನ ಅವನನ್ನು ಕೊಲ್ಲುತ್ತಾ ಇದ್ದಾರೆ. ಬೇಗ ಬನ್ನಿ."

ಸಿದ್ಧಕಟ್ಟೆಯ ಮೂಲಕ ಮೂಡುಬಿದಿರೆಗೆ ಹೋಗುವ ಬಸ್ಸಿನಲ್ಲಿ ನಾನು ಕೂತಿದ್ದೆನೋ ನಿಂತಿದ್ದೆನೋ ನೆನಪಿಲ್ಲ. ಮಿಲ್ಲಿಗೆ ತಲುಪುವಾಗ ಅಣ್ಣನನ್ನು ಪೊಲೀಸರು ಒಯ್ದಾಗಿತ್ತು. ಅಂಗಳದ ಮರದ ಹುಡಿಯ ಮೇಲೆ ಎರಡು ಕಡೆ ರಕ್ತವಿತ್ತು. ಟ್ರಾಲಿಯ ಬಳಿಯದು ಸತ್ತವನದು. ಕಚೇರಿಯ ಮೆಟ್ಟಿಲ ಬುಡದಲ್ಲಿದ್ದದ್ದು ಅಣ್ಣನದು. ಅದು ಉದ್ದಕ್ಕೆ ಎಳೆದ ಹಾಗಿತ್ತು. ನಾನು ಯಾರೆಂದು ತಿಳಿದಾಗ ಒಬ್ಬ ಹೆಂಗಸು ಬಂದು ನನ್ನ ಜಡೆ ಹಿಡಿದು ತಲೆಯನ್ನು ಗೋಡೆಗೆ ಬಡಿದಳು. ಅವಳು ಸತ್ತವನ ಹೆಂಡತಿ. ನಾನು ಬಿಡಿಸಿಕೊಳ್ಳಲಿಲ್ಲ. ಬೇರೆ ಯಾರೋ ಬಿಡಿಸಿದರು.

ನಡೆದದ್ದು ಹೀಗೆ. ಅಣ್ಣ ಒಂದು ಹೆಬ್ಬಲಸಿನ ದಿಮ್ಮಿಯನ್ನು ಎತ್ತಿ ಟ್ರಾಲಿಯ ಮೇಲಕ್ಕೆ ತಂದು, ಮೊಣಕಾಲೆತ್ತರದಲ್ಲಿ ನಿಲ್ಲಿಸಿದ್ದ. ದಿಮ್ಮಿ ಉರುಳದ ಹಾಗೆ ಅಡಿಗೆ ಮರದ ತುಂಡು ಕೊಡುವುದು ಸತ್ತವನ ಕೆಲಸ. ಅವನು ಟ್ರಾಲಿಯ ಮೇಲೆ ಮಲಗಿ ಕೈ ಒಳಗೆ ಚಾಚಿದ್ದ. ಆಗ ದಿಮ್ಮಿ ಇಳಿಯತೊಡಗಿತು. ಅವನು ಮೊದಲು ನಕ್ಕನಂತೆ. ನಿನ್ನೆಯ ಜಗಳಕ್ಕೆ ಅಣ್ಣ ಹೆದರಿಸುತ್ತಿದ್ದಾನೆ ಎಂದುಕೊಂಡು, "ಏ, ಸಾಕು ಮಾರಾಯ," ಎಂದನಂತೆ. ದಿಮ್ಮಿ ನಿಲ್ಲಲಿಲ್ಲ. ಆಮೇಲಿನ "ಸಾಕು" ಕಿರುಚಾಟವಾಯಿತು. ಅದರ ನಂತರದ್ದು ಕೇಳಿಸಲಿಲ್ಲ. ಕ್ರೇನು ನಿಧಾನದ್ದು. ದಿಮ್ಮಿ ಬಿದ್ದದ್ದಲ್ಲ, ಇಳಿದದ್ದು. ಅಷ್ಟು ಹೊತ್ತೂ ಅಣ್ಣ ಎರಡು ಕೈಯಲ್ಲಿ ರಿಮೋಟು ಹಿಡಿದು ಗುಂಡಿ ಒತ್ತುತ್ತಿದ್ದುದನ್ನು ಅಂಗಳದಲ್ಲಿದ್ದ ಎಲ್ಲರೂ ನೋಡಿದ್ದರು. ಅವನು ಒತ್ತುತ್ತಿದ್ದದ್ದು ಮೇಲಕ್ಕೆತ್ತುವ ಗುಂಡಿ ಎಂದು ದೂರದಲ್ಲಿದ್ದವರಿಗೆ ಹೇಗೆ ಗೊತ್ತಾಗಬೇಕು?

ಜನ ಅವನ ಮೇಲೆ ಬಿದ್ದರು. ದಿಮ್ಮಿ ಉರುಳಿಸುವ ಹಾರೆಗಳು ಅಲ್ಲೇ ಇದ್ದವು. ಒಂದು ಹಾರೆಯ ತುದಿ ಅವನ ಎಡಗಣ್ಣಿಗೆ ತಾಗಿತು. ಮಿಲ್ಲಿನ ಧಣಿಗಳು ಕಚೇರಿಯ ಬಾಗಿಲು ಹಾಕಿಕೊಂಡು ಪೊಲೀಸರಿಗೆ ಫೋನ್ ಮಾಡಿದರು. ಪೊಲೀಸರು ಬರುವವರೆಗೆ ಪೆಟ್ಟು ನಿಲ್ಲಲಿಲ್ಲ.

ಆಸ್ಪತ್ರೆಯಲ್ಲಿ ಅವನ ಮುಖ ಮುಖದ ಹಾಗಿರಲಿಲ್ಲ. ಮಂಚದ ಪಕ್ಕ ಪೊಲೀಸಿನವರೊಬ್ಬರು ಕೂತಿದ್ದರು. ಅಣ್ಣ ನನ್ನ ಕೈ ಹುಡುಕಿ ಹಿಡಿದ.

"ನಾನು ಮೇಲಕ್ಕೇ ಒತ್ತಿದ್ದು. ಅದು ಕೇಳಲಿಲ್ಲ."

"ಕೆಂಪು ಒತ್ತಿದ್ದೀಯಾ? ನಿಲ್ಲಿಸುದು?"

"ಒತ್ತಿದೆ. ಬೆರಳು ಚರ್ಮ ಹೋಗುವಷ್ಟು ಒತ್ತಿದೆ. ನಿಲ್ಲಲಿಲ್ಲ. ಆಮೇಲೆ ಅದಾಗಿಯೇ ನಿಂತಿತು. ಅಷ್ಟಾಗುವಾಗ ಅವ..." ಅವನ ತುಟಿ ಒಡೆದು ರಕ್ತ ಬಂತು. "ನಾನು ಹಾಗೆ ಹೇಳಿದ್ದು ಹೌದು, ಕೋಳಿ ಅಂಕದಲ್ಲಿ. ಆದ್ರೆ ಅವ ನನ್ನ ದೋಸ್ತಿ ಮಾರಾಯ್ತಿ."

ರಾತ್ರಿಯ ಕೊನೆಯ ಬಸ್ಸಿಗೆ ಮೊದಲೇ ಕಾಕ ತಮ್ಮ ಹಳೆಯ ವ್ಯಾನಿನಲ್ಲಿ ಬಂದಿದ್ದರು. ನಾನು ಅಣ್ಣ ಹೇಳಿದ್ದನ್ನು ಹೇಳಿದೆ. ಒಳಗಿನ ದೊಡ್ಡ ಸ್ವಿಚ್ಚು ಸುಟ್ಟು ಅಂಟಿಕೊಂಡರೆ ಮೋಟಾರು ಯಾರ ಮಾತೂ ಕೇಳುವುದಿಲ್ಲ, ಅದನ್ನು ನಾವಿಬ್ಬರೂ ಎಷ್ಟೋ ಕಡೆ ನೋಡಿದ್ದೆವು. ಆದರೆ ಕಾಕ ತಲೆ ಆಡಿಸಿದರು. "ಅಂಟಿಕೊಂಡದ್ದು ಅದಾಗಿಯೇ ಬಿಡ್ಲಿಕ್ಕಿಲ್ಲ ಮಗಳೇ. ಇದು ನಿಂತಿದೆ. ಯಾರೋ ಕೈ ತೆಗೆದ ಹಾಗೆ ನಿಂತಿದೆ."

ಮರುದಿನ ಬೆಳಗ್ಗೆ ನಾವಿಬ್ಬರೂ ಮಿಲ್ಲಿನ ಪಕ್ಕದ ಹೋಟೆಲಿಗೆ ಚಾ ಕುಡಿಯಲು ಹೋದೆವು. ಎರಡೂ ಮಿಲ್ಲಿನವರು ಬರುವ ಹೋಟೆಲು ಅದು. ನಾವು ಒಳಗೆ ಹೋದಾಗ ಮೇಲಿನ ಮಿಲ್ಲಿನವರು ಎದ್ದು ಹೊರಗೆ ಹೋದರು. ಕೆಳಗಿನ ಮಿಲ್ಲಿನ ಕ್ರೇನಿನವರು ಮಾತ್ರ ಮೂಲೆಯಲ್ಲಿ ಕೂತೇ ಇದ್ದರು. ವಯಸ್ಸಾದವರು, ಮೆಲ್ಲನೆಯ ಮಾತು. ಅಣ್ಣನಿಗೆ ಕ್ರೇನ್ ಕಲಿಸಿದವರೇ ಅವರು. ನಾನು ಅವರನ್ನು ಮಾಮ ಎಂದು ಕರೆಯುತ್ತಿದ್ದೆ.

"ನಿಮ್ಮ ಅಣ್ಣ ಅಂಥವನಲ್ಲ," ಎಂದರು ಮಾಮ. "ಎಂತ ಗ್ರಹಚಾರವೋ. ನಮ್ಮಲ್ಲಿ ನಿನ್ನೆಯೇ ಹೊಸ ಕ್ರೇನಿನ ಪೂಜೆ. ಒಳ್ಳೆಯ ದಿನ ಅಂತ ಭಟ್ರು ಹೇಳಿದ್ರು. ಪೂಜೆಗೆ ಮೊದಲೇ ಅದು ಹಾಗೇ ಒಮ್ಮೆ ಮೇಲೆ ಹೋಯಿತು, ಯಾರೂ ಮುಟ್ಟಲಿಲ್ಲ. ದೇವರೇ ನಡೆಸಿದ್ದು ಅಂತ ನಮ್ಮ ಧಣಿಗಳು ಕೈ ಮುಗಿದ್ರು."

ಕಾಕ ಚಾದ ಗ್ಲಾಸು ಕೆಳಗಿಟ್ಟರು. "ನಿಮ್ಮದು ವಯರಿಲ್ಲದ್ದಾ?"

"ಹೌದು. ಮೇಲಿನವರಿಗೆ ಕೊಟ್ಟವನೇ ಕೊಟ್ಟದ್ದು. ಅವನೇ ನಿನ್ನೆ ಬಂದು ತೋರಿಸಿಕೊಟ್ಟ."

"ಎಂತ ತೋರಿಸಿದ?"

"ಎಲ್ಲ ಗುಂಡಿ ಒತ್ತಿ ನೋಡಿ ಅಂದ. ಮೇಲೆ, ಕೆಳಗೆ, ಆಚೆ, ಈಚೆ. ಕೆಳಗಿನದ್ದು ಒತ್ತಿ ಹಿಡ್ಕೊಳ್ಳಿ, ಕೊಕ್ಕೆ ನೆಲಕ್ಕೆ ತಾಗುವವರೆಗೆ ಬಿಡಬೇಡಿ ಅಂದ. ನಾನು ಹಿಡ್ಕೊಂಡಿದ್ದೆ." ಮಾಮ ನಿಲ್ಲಿಸಿದರು. "ಆಗಲೇ ಮೇಲೆ ಬೊಬ್ಬೆ ಕೇಳಿದ್ದು. ಬೊಬ್ಬೆ ಕೇಳಿ ನಾನು ಕೈ ಬಿಟ್ಟೆ."

ಅವರು ತಮ್ಮ ಬಲಗೈಯ ಹೆಬ್ಬೆರಳನ್ನು ನೋಡಿಕೊಂಡರು. ಅವರು ಎದ್ದು ಹೊರಗೆ ಹೋಗಿ ಚರಂಡಿಗೆ ವಾಂತಿ ಮಾಡಿದರು. ಒಳಗೆ ಬಂದು, "ಸ್ಟೇಷನ್ನಿಗೆ ಹೋಗುವ. ನಾನು ಹೇಳ್ತೇನೆ," ಎಂದರು.

ಅವರು ಹೇಳದೆ ಇರಬಹುದಿತ್ತು. ಅವರನ್ನು ಯಾರೂ ಕೇಳಿರಲಿಲ್ಲ.

ವಿಷಯ ಸರಳ. ರಿಮೋಟಿನೊಳಗೆ ಒಂದು ಸಾಲು ಪುಟ್ಟ ಬಿಳಿ ಸ್ವಿಚ್ಚುಗಳಿರುತ್ತವೆ, ಅಕ್ಕಿಕಾಳಿನಷ್ಟು ದೊಡ್ಡವು. ಕ್ರೇನಿನ ಮೇಲಿನ ಪೆಟ್ಟಿಗೆಯಲ್ಲೂ ಅಂಥದ್ದೇ ಸಾಲು. ಎರಡೂ ಸಾಲು ಒಂದೇ ರೀತಿ ಇದ್ದರೆ ಮಾತ್ರ ಕ್ರೇನು ಆ ರಿಮೋಟಿನ ಮಾತು ಕೇಳುತ್ತದೆ. ಪ್ರತಿ ಕ್ರೇನಿಗೂ ಬೇರೆ ಬೇರೆ ಜೋಡಣೆ ಮಾಡಬೇಕು. ಅದೇ ಅದರ ಬೀಗ. ಫ್ಯಾಕ್ಟರಿಯಿಂದ ಬರುವಾಗ ಎಲ್ಲ ಸ್ವಿಚ್ಚುಗಳೂ ಒಂದೇ ಕಡೆಗೆ ತಿರುಗಿರುತ್ತವೆ. ಡೀಲರ್ ಅವನ್ನು ಮುಟ್ಟಿಯೇ ಇರಲಿಲ್ಲ. ಮೇಲಿನ ಕ್ರೇನಿಗೆ ಕೆಳಗಿನ ರಿಮೋಟು ಕೇಳುತ್ತಿತ್ತು, ಕೆಳಗಿನದಕ್ಕೆ ಮೇಲಿನದು. ಇಬ್ಬರೂ ಒಟ್ಟಿಗೆ ಒತ್ತಿದಾಗ, ಮೊದಲು ಒತ್ತಿದ ರಿಮೋಟಿನ ಮಾತನ್ನೇ ಹಿಡಿದುಕೊಂಡ ಕ್ರೇನಿಗೆ ಅದು ಬಿಡುವವರೆಗೆ ಅಣ್ಣನ ಮಾತು ಕೇಳಿಸಲೇ ಇಲ್ಲ. ಕೆಂಪು ಗುಂಡಿಯದ್ದೂ ಕೇಳಿಸಲಿಲ್ಲ.

ಎಸ್.ಐ. ಮೊದಲು ನಂಬಲಿಲ್ಲ. "ಕೊಲೆ ಕೇಸಿಗೆ ಕಥೆ ಕಟ್ಟುದಾ?" ಎಂದರು. ಆದರೆ ಮಾಮ ತಾವಾಗಿಯೇ ತಪ್ಪು ಮೈಮೇಲೆ ಹಾಕಿಕೊಳ್ಳುತ್ತಿದ್ದುದು ಅವರಿಗೆ ವಿಚಿತ್ರವೆನಿಸಿರಬೇಕು. ಪರೀಕ್ಷೆ ಮಾಡಿ ತೋರಿಸಿ ಎಂದರು.

ಮರುದಿನ ಮೇಲಿನ ಮಿಲ್ಲಿನ ಅಂಗಳದಲ್ಲಿ ಎರಡೂ ಕಡೆಯ ಜನ ಸೇರಿದರು. ನಾನು ಎರಡೂ ರಿಮೋಟುಗಳ ಹಿಂದಿನ ಮುಚ್ಚಳ ಬಿಚ್ಚಿ ಬಿಳಿ ಸ್ವಿಚ್ಚುಗಳ ಸಾಲನ್ನು ಎಸ್.ಐ.ಗೆ ತೋರಿಸಿದೆ. ಮೇಲಿನ ರಿಮೋಟನ್ನು ಅವರ ಕೈಗೆ ಕೊಟ್ಟೆ. ಕೆಳಗಿನದನ್ನು ಹಿಡಿದುಕೊಂಡು ರಸ್ತೆ ದಾಟಿ, ಕೆಳಗಿನ ಮಿಲ್ಲಿನ ಒಳಗೆ ಹೋಗಿ ನಿಂತು ಒತ್ತಿದೆ. ಅಲ್ಲಿಂದ ನನಗೆ ಕೊಕ್ಕೆ ಕಾಣುತ್ತಿರಲಿಲ್ಲ. ಜನರ ಮುಖ ಕಾಣುತ್ತಿತ್ತು. ಎಲ್ಲರ ತಲೆಯೂ ನಿಧಾನವಾಗಿ ಮೇಲಿನಿಂದ ಕೆಳಕ್ಕೆ ಬಂತು. ಸತ್ತವನ ತಾಯಿ ನೆಲಕ್ಕೆ ಕುಸಿದಳು.

ನಾನು ಮರಳಿ ಬರುವಾಗ ಸತ್ತವನ ತಮ್ಮ ದಾರಿಯಲ್ಲಿ ನಿಂತಿದ್ದ. ಮೂವತ್ತರ ಆಸುಪಾಸು, ಕೊಕ್ಕಡದ ಕಡೆ ರಬ್ಬರ್ ಟ್ಯಾಪಿಂಗ್ ಮಾಡುತ್ತಿದ್ದವನು, ಸುದ್ದಿ ತಿಳಿದು ಬಂದಿದ್ದ. ಅವನು ಅಳುತ್ತಿರಲಿಲ್ಲ.

"ಅಕ್ಕ, ಅಲ್ಲಿಂದ ಒತ್ತಿದ್ರೆ ಇಲ್ಲಿ ಕೇಳ್ತದೆ. ಇಲ್ಲಿಂದ ಒತ್ತಿದ್ರೆ ಅಲ್ಲಿ ಕೇಳ್ತದಾ?"

"ಕೇಳ್ತದೆ. ಎರಡೂ ಒಂದೇ," ಎಂದೆ.

ಅವನು ತಲೆಯಾಡಿಸಿದ. ನಾನು ಇನ್ನೇನೋ ಹೇಳುವ ಮೊದಲು ಕಲ್ಲು ಬೀಳಲು ಶುರುವಾಯಿತು. ಮೊನ್ನೆ ಅಣ್ಣನನ್ನು ಹೊಡೆದವರೇ ಈಗ ಕೆಳಗಿನ ಮಿಲ್ಲಿಗೆ ಹೊಡೆಯುತ್ತಿದ್ದರು. ಕಚೇರಿಯ ಗಾಜು ಒಡೆಯಿತು, ಡೀಲರಿನ ಕಡೆಯವನದೆಂದುಕೊಂಡು ಯಾರದೋ ಬೈಕು ಸುಟ್ಟರು. ಒಬ್ಬ ಕಾಕನ ಅಂಗಿಯ ಕುತ್ತಿಗೆ ಹಿಡಿದ: "ಬ್ಯಾರಿ, ನಿನಗೆ ಇದೆಲ್ಲ ಮೊದಲೇ ಹೇಗೆ ಗೊತ್ತಿತ್ತು? ನೀನೂ ಅವರ ಜನವಾ?" ಕಾಕನ ಟೊಪ್ಪಿ ಕೆಳಗೆ ಬಿತ್ತು. ಅವರು ಬಗ್ಗಿ ಎತ್ತಿಕೊಳ್ಳುವಾಗ ಬೆನ್ನಿಗೆ ಒದೆ ಬಿತ್ತು. ಪೊಲೀಸರು ಲಾಠಿ ಬೀಸಿದ ಮೇಲೆ ಜನ ಚದುರಿದರು. ಕಾಕ ವ್ಯಾನಿನೊಳಗೆ ಕೂತರು. ಅಲ್ಲಿಗೇ ಅವರು ಧಣಿಗಳಿಬ್ಬರನ್ನೂ ಕರೆಸಿದರು.

"ಇವತ್ತೇ ಸ್ವಿಚ್ಚು ಬದಲಾಯಿಸುವ. ಒಂದರದ್ದು ಬದಲಾಯಿಸಿದ್ರೂ ಸಾಕು. ಸ್ಕ್ರೂ ಬಿಚ್ಚಿ ಹಾಕುವಷ್ಟು ಕೆಲಸ."

ಮೇಲಿನ ಧಣಿಗಳು, "ಕೇಸು ನಡೆಯುವಾಗ ಯಾವುದನ್ನೂ ಮುಟ್ಟಬಾರದು ಅಂತ ವಕೀಲರು ಹೇಳಿದ್ದಾರೆ," ಎಂದರು. ಕೆಳಗಿನ ಧಣಿಗಳು ಡೀಲರಿಗೆ ಫೋನ್ ಮಾಡಿದರು. ತಮ್ಮ ಜನ ಬಾರದೆ ಬೇರೆಯವರು ಮುಚ್ಚಳ ತೆಗೆದರೆ ಗ್ಯಾರಂಟಿ ಇಲ್ಲವೆಂದು ಅವನು ಹೇಳಿದನಂತೆ. ತಮ್ಮ ಜನವನ್ನು ಕಳುಹಿಸಲು ಅವನಿಗೆ ಹೆದರಿಕೆ. ಬೈಕು ಸುಟ್ಟ ಸುದ್ದಿ ಅವನಿಗೂ ಮುಟ್ಟಿತ್ತು.

ಕೊನೆಗೆ ಧಣಿಗಳೇ ಒಂದು ಒಪ್ಪಂದಕ್ಕೆ ಬಂದರು. ಒಂದು ಮಿಲ್ಲಿನ ಕ್ರೇನು ನಡೆಯುವಾಗ ಇನ್ನೊಂದರದ್ದು ನಿಲ್ಲಬೇಕು. ನಡೆಸುವವರು ತಮ್ಮ ಗೇಟಿಗೆ ಕೆಂಪು ಬಟ್ಟೆ ಕಟ್ಟಬೇಕು, ಎದುರಿನವರು ಅದನ್ನು ನೋಡಿ ಕೈ ಕಟ್ಟಿ ಕೂರಬೇಕು. ಕಾಕ ಅಲ್ಲೇ ಕೂಗಾಡಿದರು. "ಬಟ್ಟೆ ಎಂತಕ್ಕೆ? ಬೀಗ ಉಂಟು, ಬೀಗ ಹಾಕಿ!" ಯಾರೂ ಕೇಳಲಿಲ್ಲ. ಮಿಲ್ಲು ನಿಲ್ಲಿಸುವುದು ಯಾರಿಗೂ ಬೇಕಿರಲಿಲ್ಲ.

ಅಣ್ಣನನ್ನು ಮಂಗಳೂರಿನ ಆಸ್ಪತ್ರೆಗೆ ಒಯ್ದೆವು. ಎಡಗಣ್ಣು ಉಳಿಯಲಿಲ್ಲ. ಅವನ ಮೇಲಿನ ಕೊಲೆಯ ಆರೋಪ ಬಿದ್ದುಹೋಯಿತು. ಅವನನ್ನು ಹೊಡೆದವರ ಮೇಲೆ ಕೇಸು ಕೊಡುವುದಿಲ್ಲ ಎಂದು ಅವನೇ ಬರೆದುಕೊಟ್ಟ. ಯಾಕೆ ಎಂದು ಕೇಳಿದಾಗ, "ಅವರು ನೋಡಿದ್ದನ್ನು ನಾನು ನೋಡಿದ್ದರೆ ನಾನೂ ಹಾರೆ ತೆಗೀತಿದ್ದೆ," ಎಂದ.

ಅವನ ಜಾಗ ಖಾಲಿಯಿತ್ತಲ್ಲ. ಮೇಲಿನ ಧಣಿಗಳು ಸತ್ತವನ ಮನೆಯವರಿಗೆ ಏನಾದರೂ ಮಾಡಬೇಕೆಂದು ಅವನ ತಮ್ಮನನ್ನೇ ಕೆಲಸಕ್ಕೆ ಕರೆದರು. ಅವನು ಕ್ರೇನಿನ ಕೆಲಸ ಕೇಳಿದ. ಕೊಟ್ಟರು. ಈ ಸುದ್ದಿ ನನಗೆ ಬಹಳ ತಡವಾಗಿ ತಿಳಿಯಿತು.

ಮಳೆಗಾಲ ಹತ್ತಿರ ಬರುವಾಗ ಡೀಲರ್ ಕೊನೆಗೂ ಒಪ್ಪಿ, ನೀವೇ ಬದಲಾಯಿಸಿ ಎಂದು ಕೆಳಗಿನ ಧಣಿಗಳಿಗೆ ಹೇಳಿದ. ಕಾಕನಿಗೆ ಆ ದಿನ ಬೆಳ್ತಂಗಡಿಯ ಒಂದು ಅಕ್ಕಿ ಮಿಲ್ಲಿನಲ್ಲಿ ಕೆಲಸವಿತ್ತು. ಟೂಲ್ ಬ್ಯಾಗು ಹಿಡಿದು ನಾನೊಬ್ಬಳೇ ಹೋದೆ.

ನಾನು ತಲುಪುವಾಗ ಮಾಮ ಒಂದು ದಿಮ್ಮಿಯನ್ನು ಎತ್ತಿದ್ದರು. ಕೆಳಗಿನ ಗೇಟಿಗೆ ಕೆಂಪು ಬಟ್ಟೆ ಕಟ್ಟಿತ್ತು. ಅಂದರೆ ಮೇಲಿನವರು ಸುಮ್ಮನಿರಬೇಕಾದ ಹೊತ್ತು. ಮಾಮ ಮೊದಲಿಗಿಂತ ತೆಳ್ಳಗಾಗಿದ್ದರು. ನನ್ನನ್ನು ನೋಡಿ ನಕ್ಕರು.

"ಇದೊಂದು ಇಳಿಸಿ ಬಿಡ್ತೇನೆ ಮಗಾ. ಆಮೇಲೆ ನೀನು ಬಿಚ್ಚು. ನಿನ್ನ ಕೈಯಿಂದ ಆದ್ರೆ ನನಗೆ ನಿದ್ರೆ ಬಂದೀತು."

ಅವರು ದಿಮ್ಮಿಯನ್ನು ನೆಲದಿಂದ ಸ್ವಲ್ಪ ಮೇಲೆ ನಿಲ್ಲಿಸಿ, ಸರಪಳಿಯ ಗಂಟು ಸರಿ ಮಾಡಲು ಬಗ್ಗಿದರು. ರಿಮೋಟು ಅವರ ಸೊಂಟದ ಬೆಲ್ಟಿಗೆ ನೇತಾಡುತ್ತಿತ್ತು. ಅವರ ಎರಡೂ ಕೈ ಸರಪಳಿಯ ಮೇಲಿದ್ದವು. ಮೋಟಾರಿನ ಸದ್ದು ಕೇಳಿತು.

ನಾನು ಮೊದಲು ನೋಡಿದ್ದು ದಿಮ್ಮಿಯನ್ನಲ್ಲ, ರಸ್ತೆಯ ಆಚೆಯನ್ನು. ಮೇಲಿನ ಗೇಟಿನಲ್ಲಿ ಸತ್ತವನ ತಮ್ಮ ನಿಂತಿದ್ದ. ರಿಮೋಟನ್ನು ಎದೆಗೆ ಒತ್ತಿ ಹಿಡಿದಿದ್ದ. ಅವನು ತನ್ನ ಕ್ರೇನಿನ ಕಡೆ ನೋಡುತ್ತಿರಲಿಲ್ಲ. ನಮ್ಮ ಕಡೆ ನೋಡುತ್ತಿದ್ದ.

"ಮಾಮಾ, ಕಾಲು!" ಎಂದು ಕೂಗಿದೆ. ಅವರು ಹಿಂದಕ್ಕೆ ಹಾರಿದರು. ಒಂದು ಕಾಲು ಹೊರಗೆ ಬಂತು, ಇನ್ನೊಂದು ಬರಲಿಲ್ಲ. ನಾನು ಓಡಿ ಮೇನ್ ಸ್ವಿಚ್ಚಿನ ಹಿಡಿ ಕೆಳಗೆ ಎಳೆದೆ. ದಿಮ್ಮಿ ನಿಂತಿತು, ಅವರ ಮೊಣಕಾಲಿನ ಕೆಳಗೆ ನಿಂತಿತು. ಮೂಳೆ ಒಡೆದ ಸದ್ದು ಹಸಿ ಬಿದಿರು ಸೀಳಿದ ಹಾಗಿತ್ತು. ಈಗ ಕರೆಂಟು ಇಲ್ಲದೆ ದಿಮ್ಮಿ ಏಳುವುದಿಲ್ಲ, ಕರೆಂಟು ಕೊಟ್ಟರೆ ಅವನು ಮತ್ತೆ ಒತ್ತುತ್ತಾನೆ. ಮಾಮ ಕೂಗಲಿಲ್ಲ. ಮರದ ಹುಡಿಯನ್ನು ಹಿಡಿಹಿಡಿಯಾಗಿ ಬಾಚಿ ಬಾಯಿಗೆ ತುಂಬಿಕೊಳ್ಳುತ್ತಿದ್ದರು.

ಅರ್ಧ ಜನ ಹಾರೆ ಹಿಡಿದು ದಿಮ್ಮಿಯ ಕಡೆ ಓಡಿದರು. ಅರ್ಧ ಜನ ಹಾರೆ ಹಿಡಿದು ರಸ್ತೆ ದಾಟಿದರು.

ನಾನು ರಸ್ತೆ ದಾಟಿದವರ ಹಿಂದೆ ಓಡಿದೆ. ಅವನು ತಪ್ಪಿಸಿಕೊಳ್ಳಲಿಲ್ಲ, ಗೇಟಿನ ಕಂಬಕ್ಕೆ ಬೆನ್ನು ಕೊಟ್ಟು ನಿಂತಿದ್ದ. ಮೊದಲ ಪೆಟ್ಟು ಬಾಯಿಗೆ ಬಿತ್ತು. ಅವನು ಬಿದ್ದ ಮೇಲೂ ಹೊಡೆದರು. ಅಣ್ಣನಿಗೆ ಏನಾಗಿತ್ತೆಂದು ನಾನು ಕಂಡಿರಲಿಲ್ಲ, ಈಗ ಕಂಡೆ. ಹೊಡೆಯುವವರ ಮುಖದಲ್ಲಿ ಸಿಟ್ಟಿರಲಿಲ್ಲ. ಕಷ್ಟದ ಕೆಲಸ ಬೇಗ ಮುಗಿಸುವವರ ಮುಖ ಅದು. ಹಲ್ಲು ಕಚ್ಚಿ, ಉಸಿರು ಬಿಡುತ್ತಾ ಹೊಡೆಯುತ್ತಿದ್ದರು. "ಸಾಯ್ತಾನೆ, ಬಿಡಿ, ಸಾಯ್ತಾನೆ!" ಎಂದು ನಡುವೆ ನುಗ್ಗಿದೆ. ಎತ್ತಿದ ಹಾರೆಯೊಂದು ನನ್ನ ಎಡ ಮುಂಗೈಗೆ ಬಿತ್ತು. ಕೈ ಜೋತು ಬಿದ್ದದ್ದನ್ನು ನೋಡಿ ಹೊಡೆದವನೇ ಹಾರೆ ಬಿಸುಟ. ಹೆಂಗಸಿಗೆ ತಾಗಿತೆಂದು ಅವರು ಹಿಂದೆ ಸರಿದರು. ಅವನು ನೆಲದಲ್ಲಿ ಬಿದ್ದಲ್ಲಿಂದಲೇ ನನ್ನನ್ನು ನೋಡಿದ. ಬಾಯಿಯಲ್ಲಿ ಹಲ್ಲಿರಲಿಲ್ಲ, ಮಾತು ಗೊಳಗೊಳ ಎನ್ನುತ್ತಿತ್ತು.

"ಇನ್ನೊಂದು ಸ್ವಲ್ಪ ಇತ್ತು ಅಕ್ಕ. ನೀವು ಬಿಡಲಿಲ್ಲ."

ರಿಮೋಟು ಅವನ ಪಕ್ಕದಲ್ಲೇ ಬಿದ್ದಿತ್ತು. ನಾನು ಒಳ್ಳೆಯ ಕೈಯಿಂದ ಅದರ ಬ್ಯಾಟರಿ ಕಿತ್ತು ದೂರ ಎಸೆದೆ. ಆಮೇಲೆ ಅಲ್ಲೇ ಕೂತೆ.

ಮಾಮನ ಕಾಲನ್ನು ಮೊಣಕಾಲಿನಿಂದ ತೆಗೆದರು. ಅವರು ಬದುಕಿದರು. ಅವನೂ ಬದುಕಿದ, ಜೈಲಿಗೆ ಹೋದ. ನನ್ನ ಕೈ ಪ್ಲಾಸ್ಟರಿನಲ್ಲಿದ್ದಾಗಲೇ ಕಾಕ ಒಂದು ಸ್ಕ್ರೂಡ್ರೈವರ್ ಹಿಡಿದು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮಿಲ್ಲುಗಳಿಗೆ ಹೊರಟರು. ನಾನು ವ್ಯಾನಿನಲ್ಲಿ ಜೊತೆಗಿದ್ದೆ. ಎಲ್ಲಿ ಮುಚ್ಚಳ ತೆಗೆದರೂ ಬಿಳಿ ಸ್ವಿಚ್ಚುಗಳು ಒಂದೇ ಕಡೆಗೆ ತಿರುಗಿದ್ದವು. ಕೆಲವರು ಬದಲಾಯಿಸಲು ಬಿಟ್ಟರು. ಕೆಲವರು, ನಮ್ಮ ಹತ್ತಿರದಲ್ಲಿ ಬೇರೆ ಮಿಲ್ಲೇ ಇಲ್ಲ, ಯಾರು ಒತ್ತುತ್ತಾರೆ ಎಂದು ಗೇಟಿನಿಂದಲೇ ಕಳುಹಿಸಿದರು. ಒಂದು ಕಡೆ ನಾಯಿ ಬಿಟ್ಟರು. ಬದಲಾಯಿಸಿದ ಒಂದು ಜಾಗದಲ್ಲಿ ಮುಂದಿನ ಸಲ ಹೋದಾಗ ಮತ್ತೆ ಮೊದಲಿನಂತೆಯೇ ಇತ್ತು. ರಿಮೋಟು ಹಾಳಾಗಿ ಹೊಸದು ತಂದಿದ್ದರು, ಅದರೊಂದಿಗೆ ಕ್ರೇನಿನದ್ದನ್ನೂ ಸುಲಭಕ್ಕೆಂದು ಹಿಂದಕ್ಕೆ ತಿರುಗಿಸಿದ್ದರು.

ಸತ್ತವನ ತಮ್ಮನ ಕೇಸಿಗೆ ಮಂಗಳೂರಿನ ಕೋರ್ಟಿನಲ್ಲಿ ನಾನು ಸಾಕ್ಷಿ. ವಿಚಾರಣೆಯ ದಿನ ಅಣ್ಣ ಬಂದಿರಲಿಲ್ಲ. ಹಿಂದಿನ ದಿನ ಅವನು ಕಪ್ಪು ಕನ್ನಡಕ ಹಾಕಿಕೊಂಡು ಅಂಗಡಿಗೆ ಬಂದು, "ನೀನು ಎಂತ ಹೇಳ್ತೀಯ?" ಎಂದು ಕೇಳಿದ್ದ.

"ಕಂಡದ್ದು."

"ಅವ ಸುಮ್ಮನೆ ಒತ್ತಿರಬಹುದು ಅಂತ ಹೇಳಬಹುದಲ್ಲ. ಅವನ ಅಣ್ಣ ಸತ್ತದ್ದು ನನ್ನ ಕಣ್ಣೆದುರು. ಆ ಸಾವು ಎಂಥದ್ದು ಅಂತ ನನಗೆ ಗೊತ್ತುಂಟು, ಅವನಿಗೂ ಗೊತ್ತುಂಟು, ನಿನಗೆ ಗೊತ್ತಿಲ್ಲ."

"ಮಾಮನ ಕಾಲು?"

ಅಣ್ಣ ಎದ್ದು ಹೋದ.

ಕೋರ್ಟಿನ ಜಗಲಿಯಲ್ಲಿ ಸತ್ತವನ ತಾಯಿ ಕೂತಿದ್ದಳು. ಒಬ್ಬ ಮಗ ಸತ್ತಿದ್ದ, ಇನ್ನೊಬ್ಬ ಒಳಗಿದ್ದ. ಸೊಸೆ ಪಕ್ಕದಲ್ಲಿ ಮುಖ ತಿರುಗಿಸಿ ನಿಂತಿದ್ದಳು. ನಾನು ದಾಟಿ ಹೋಗುವಾಗ ಮುದುಕಿ ನನ್ನ ಸೆರಗು ಹಿಡಿದಳು.

"ನಿನ್ನ ಅಣ್ಣನಿಗೆ ಆದ್ರೆ ಮಿಷನ್ ಮಾಡಿದ್ದು ಅಂದಿ. ನನ್ನ ಮಗನಿಗೆ ಆದ್ರೆ ಕೈ ಮಾಡಿದ್ದು ಅಂತೀಯಾ? ಗುಂಡಿ ಒಂದೇ ಅಲ್ವಾ ಮಗಾ?"

ಸೆರಗು ಬಿಡಿಸಿಕೊಂಡು ಒಳಗೆ ಹೋದೆ. ಅವನು ಕಟಕಟೆಯಲ್ಲಿದ್ದ, ಮುಖ ಒಂದು ಕಡೆ ಒಳಗೆ ಹೋಗಿತ್ತು. ಒತ್ತುವಾಗ ಅವನು ಯಾವ ಕಡೆ ನೋಡುತ್ತಿದ್ದ ಎಂದು ವಕೀಲರು ಕೇಳಿದರು. ನಾನು ಕಂಡದ್ದನ್ನು ಹೇಳಿದೆ. ಅವನು ತಲೆ ಎತ್ತಲಿಲ್ಲ. ಅವನಿಗೆ ಶಿಕ್ಷೆಯಾಯಿತು. ಡೀಲರಿಗೆ ಏನೂ ಆಗಲಿಲ್ಲ. ಬಳಸುವ ಮೊದಲು ಸ್ವಿಚ್ಚುಗಳನ್ನು ಬದಲಾಯಿಸಿಕೊಳ್ಳಿ ಎಂದು ರಿಮೋಟಿನ ಜೊತೆ ಕೊಟ್ಟ ಪುಸ್ತಕದ ಕೊನೆಯ ಪುಟದಲ್ಲಿ ಅಚ್ಚಾಗಿದೆಯೆಂದು ಅವನು ತೋರಿಸಿದ. ಅದು ಇಂಗ್ಲಿಷಿನಲ್ಲಿತ್ತು.

ಅಣ್ಣ ನನ್ನ ಜೊತೆ ಬಹಳ ಕಾಲ ಮಾತು ಬಿಟ್ಟ. ಮುಂಡಾಜೆಗೆ ಹೋಗಿ ಅಮ್ಮನೊಂದಿಗೆ ಉಳಿದು, ರಸ್ತೆ ಬದಿಯಲ್ಲಿ ಸಣ್ಣ ತರಕಾರಿ ಅಂಗಡಿ ಹಾಕಿದ. ಪ್ರತಿ ತಿಂಗಳು ಒಂದು ದಿನ ಅಂಗಡಿ ಮುಚ್ಚಿ ಎಲ್ಲಿಗೋ ಹೋಗುತ್ತಿದ್ದನೆಂದು ಅಮ್ಮ ಹೇಳುತ್ತಿದ್ದಳು. ಜೈಲಿಗೆ ಸತ್ತವನ ತಮ್ಮನನ್ನು ನೋಡಲು ಹೋಗುತ್ತಿದ್ದ ಎಂದು ನನಗೆ ಆಮೇಲೆ ತಿಳಿಯಿತು. ಅಲ್ಲಿ ಇಬ್ಬರೂ ಏನು ಮಾತಾಡುತ್ತಿದ್ದರೆಂದು ಒಂದು ಸಲ ಕೇಳಿದೆ.

"ಎಂತದ್ದೂ ಇಲ್ಲ," ಎಂದ ಅಣ್ಣ. "ಅವನಿಗೆ ಗಟ್ಟಿ ತಿನ್ಲಿಕ್ಕೆ ಆಗುದಿಲ್ಲ. ಬಾಳೆಹಣ್ಣು ತಗೊಂಡು ಹೋಗ್ತೇನೆ."